ಜಿಎಸ್‌ಟಿ ಇದೆ, ಹಾಗಾದರೆ ಹೆಸರು ನಂದೇ ಅಲ್ವಾ?

ಪ್ರಶ್ನೆ: ಮೂರು ವರ್ಷದಿಂದ ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಜಿಎಸ್‌ಟಿ, ಎಫ್‌ಎಸ್‌ಎಸ್‌ಎಐ (ಆಹಾರ ಮಾರುವ ಲೈಸೆನ್ಸ್) ಎರಡೂ ನಮ್ಮ ಬ್ರ್ಯಾಂಡ್ ಹೆಸರಲ್ಲೇ ಇವೆ. ಇನ್ನು ಹೆಸರಿಗೆ ಪೇಟೆಂಟ್ ಬೇರೆ ಮಾಡಿಸಬೇಕಾ?

ಉತ್ತರ: ಹೆಸರಿಗೆ ಪೇಟೆಂಟ್ ಇಲ್ಲ ತಾಯಿ. ಇದನ್ನು ಎಷ್ಟು ಸಲ ಬರೆದೆನೋ, ಲೆಕ್ಕ ತಪ್ಪಿದೆ. ಮಿಡಿಯ ತೊಟ್ಟು ಬಿಡಿಸುವ ಹೊಸ ಮೆಷಿನ್ ಕಂಡುಹಿಡಿದರೆ ಪೇಟೆಂಟ್ ಕೇಳಿ, 20 ವರ್ಷ ಸಿಗುತ್ತದೆ. ಡಬ್ಬಿ ಮೇಲಿನ ಹೆಸರಿಗೆ, ಲೋಗೋಗೆ ಇರುವುದು ಟ್ರೇಡ್‌ಮಾರ್ಕ್. ಹತ್ತು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸುತ್ತಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಈಗ ನಿಜವಾದ ತಲೆನೋವಿಗೆ ಬರೋಣ. ಜಿಎಸ್‌ಟಿ ಸರ್ಟಿಫಿಕೇಟ್‌ಗೆ ಲ್ಯಾಮಿನೇಷನ್ ಮಾಡಿಸಿ, ದೇವರ ಫೋಟೋ ಪಕ್ಕ ನೇತುಹಾಕಿ, ‘ಹೆಸರು ರಿಜಿಸ್ಟರ್ ಆಗಿದೆ’ ಅನ್ನುವವರು ಬೇಕಾದಷ್ಟು ಜನ. ಆಗಿರುವುದು ತೆರಿಗೆ ಕಟ್ಟುವ ನಿಮ್ಮ ರಿಜಿಸ್ಟ್ರೇಷನ್. ಅರ್ಜಿಯಲ್ಲಿ ‘ಟ್ರೇಡ್ ನೇಮ್’ ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿ ನೀವು ಬರೆದ ಹೆಸರನ್ನೇ ಪಕ್ಕದ ಜಿಲ್ಲೆಯವರೂ ಬರೆಯಬಹುದು. ಯಾರೂ ತಡೆಯುವುದಿಲ್ಲ. ನಿಮ್ಮನ್ನು ಗುರುತಿಸುವುದು ಆ 15 ಅಕ್ಷರ-ಅಂಕಿಯ ನಂಬರ್, ಹೆಸರಲ್ಲ. ಎಫ್‌ಎಸ್‌ಎಸ್‌ಎಐನ 14 ಅಂಕಿಯ ಕಥೆಯೂ ಅಷ್ಟೇ. ಅದು ಆಹಾರದ ಲೆಕ್ಕ, ಹೆಸರಿನದ್ದಲ್ಲ.

‘ಪ್ರೈವೇಟ್ ಲಿಮಿಟೆಡ್ ಮಾಡಿಸಿದ್ದೀವಿ ಸಾರ್’ ಅನ್ನುವವರು ಇನ್ನೂ ಧೈರ್ಯವಂತರು. ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಓದಿ. ನಿಮ್ಮ ಕಂಪನಿ ಹೆಸರು ತನ್ನ ಟ್ರೇಡ್‌ಮಾರ್ಕ್‌ನಂತಿದೆ ಎಂದು, ಅದನ್ನು ರಿಜಿಸ್ಟರ್ ಮಾಡಿಸಿದವರು ಮೂರು ವರ್ಷದೊಳಗೆ ದೂರು ಕೊಟ್ಟರೆ, ಹೆಸರು ಬದಲಿಸಿ ಎಂದು ಸರ್ಕಾರವೇ ಹೇಳಬಹುದು. ಬೋರ್ಡು, ಲೆಟರ್‌ಹೆಡ್, ಸೀಲು ಎಲ್ಲ ಮತ್ತೆ ಹೊಸದು.

ಹಾಗಂತ ಆ ಕಾಗದಗಳನ್ನು ಎಸೆಯಬೇಡಿ. ನಮ್ಮ ಕಾನೂನಿನಲ್ಲಿ ಮೊದಲು ಯಾರು ಬಳಸಿದರು ಅನ್ನುವುದಕ್ಕೆ ಭಾರೀ ಬೆಲೆ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಕೇಸಿನಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ: ಎದುರಾಳಿಯ ಹತ್ತಿರ ರಿಜಿಸ್ಟ್ರೇಷನ್ ಇದ್ದರೂ ಮೊದಲು ಬಳಸಿದವರ ಹಕ್ಕೇ ಮೇಲು. ಹಾಗಾಗಿ ನಿಮ್ಮ ಮೊದಲ ವರ್ಷದ ಬಿಲ್ ಬುಕ್, ಲೇಬಲ್ ಪ್ರಿಂಟ್ ಮಾಡಿಸಿದ ರಸೀದಿ ಜೋಪಾನ. ಗೋಡೆ ಮೇಲಿನ ಸರ್ಟಿಫಿಕೇಟಿಗಿಂತ ಎಣ್ಣೆ ಜಿಡ್ಡಿನ ಆ ಬಿಲ್ ಬುಕ್ಕೇ ಕೋರ್ಟಿನಲ್ಲಿ ಜಾಸ್ತಿ ಮಾತಾಡುತ್ತದೆ.

ಹೆಸರು ಸಿಕ್ಕರೂ ಎಲ್ಲದಕ್ಕೂ ಸಿಗುವುದಿಲ್ಲ. ಟ್ರೇಡ್‌ಮಾರ್ಕ್‌ನಲ್ಲಿ 45 ಕ್ಲಾಸ್, ಅಂದರೆ ಸರಕು-ಸೇವೆಗಳ ಗುಂಪು. ಉಪ್ಪಿನಕಾಯಿ 29ರಲ್ಲಿ, ಸಾಂಬಾರ್ ಪುಡಿ 30ರಲ್ಲಿ. ನಾಳೆ ಪುಡಿಯನ್ನೂ ಮಾರುವುದಾದರೆ ಎರಡಕ್ಕೂ ಹಾಕಿ. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 4,500 ರೂಪಾಯಿ ಸರ್ಕಾರಿ ಫೀಸು. ಒಂದೇ ಹೆಸರು ಎಲ್ಲದಕ್ಕೂ ಸಿಗದು ಅನ್ನುವುದಕ್ಕೆ ಉದಾಹರಣೆ ನೋಡಿ: ನಮ್ಮ ಕೆಎಂಎಫ್‌ನ ‘ನಂದಿನಿ’ಗೂ ‘ನಂದಿನಿ ಡೀಲಕ್ಸ್’ ಹೋಟೆಲಿಗೂ ನಡೆದ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2018ರಲ್ಲಿ ಹೋಟೆಲಿನವರೇ ಗೆದ್ದರು, ಆದರೆ ಹಾಲು, ಹಾಲಿನ ಪದಾರ್ಥಕ್ಕೆ ಮಾತ್ರ ಅವರಿಗೆ ಆ ಹೆಸರಿಲ್ಲ.

ಅರ್ಜಿ ಹಾಕುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿ ವೆಬ್‌ಸೈಟಿನಲ್ಲಿ ಹುಡುಕಿ, ಅದು ಫ್ರೀ. ಹೆಸರಿನ ಪಕ್ಕ ‘ಟಿಎಂ’ ಅಂತ ಇವತ್ತೇ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಗುರುತು ಮಾತ್ರ ರಿಜಿಸ್ಟರ್ ಆಗುವ ತನಕ ಬೇಡ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಜ್ಜಿಯ ರೆಸಿಪಿಗೆ ಪೇಟೆಂಟ್ ಸಿಗುತ್ತದಾ? ತಲೆಮಾರಿನಿಂದ ಬಂದ ತಿಳುವಳಿಕೆಗೆ, ಸುಮ್ನೆ ನಾಲ್ಕು ಪದಾರ್ಥ ಬೆರೆಸಿದ್ದಕ್ಕೆ ಪೇಟೆಂಟ್ ಕೊಡುವುದಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಕೊಟ್ಟರೂ ಏನು ಲಾಭ? ಮಾಡುವ ವಿಧಾನವನ್ನೆಲ್ಲ ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು, 18 ತಿಂಗಳಾದ ಮೇಲೆ ಅದು ಎಲ್ಲರ ಕೈಗೂ ಸಿಗುತ್ತದೆ. ಲೇಬಲ್ ಮೇಲೆ ಪದಾರ್ಥಗಳ ಪಟ್ಟಿ ಬರೆಯಲೇಬೇಕು, ಸರಿ. ಸಾಸಿವೆ ಎಷ್ಟು ಹುರಿಯಬೇಕು ಅಂತ ಬರೆಯಬೇಕಿಲ್ಲವಲ್ಲ.