ಸೆಂಟ್ರಲ್ ಜೈಲಿನಿಂದ ಫ್ರೀಡಂ ಪಾರ್ಕ್‌ವರೆಗೆ

ಫ್ರೀಡಂ ಪಾರ್ಕ್ ಅಂದ್ರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ಧರಣಿ, ಆಮೇಲೆ ಶೇಷಾದ್ರಿ ರಸ್ತೆಯ ಟ್ರಾಫಿಕ್. ಈ ಜಾಗಕ್ಕೆ ನಕ್ಷೆ ಬರೆದಾಗ ಇದ್ದ ಆಸೆ ಇನ್ನೂ ದೊಡ್ಡದು. ಮ್ಯೂಸಿಯಂ, ಬಯಲು ರಂಗಮಂದಿರ, ವಸ್ತುಪ್ರದರ್ಶನ, ಅದರ ಜೊತೆಗೆ ಪ್ರತಿಭಟನೆಗೂ ಒಂದು ಮೂಲೆ.

1860ರ ದಶಕದಲ್ಲಿ ಬ್ರಿಟಿಷ್ ಆಡಳಿತ ಕಟ್ಟಿಸಿದ ಸೆಂಟ್ರಲ್ ಜೈಲು ಇದು. ನಡುವೆ ಕಾವಲು ಗೋಪುರ, ಸುತ್ತ ಬ್ಯಾರಕ್‌ಗಳು. ಮೇಲೆ ನಿಂತವನ ಕಣ್ಣು ಎಲ್ಲ ಕಡೆಗೂ ಹೋಗಬೇಕು, ಅಷ್ಟೇ ಲೆಕ್ಕ. ಮುಂದಿನ ನೂರು ವರ್ಷ ಕಳ್ಳರಿಂದ ಹಿಡಿದು ಸ್ವಾತಂತ್ರ್ಯ ಹೋರಾಟಗಾರರವರೆಗೆ ಯಾರ್ಯಾರೋ ಬಂದುಹೋದರು.

ಜೈಲಿಗೆ ದೇಶದ ಮಟ್ಟದಲ್ಲಿ ಹೆಸರು ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. ಸಂಸದೀಯ ಸಮಿತಿ ಸಭೆಗೆಂದು ಊರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು 1975ರ ಜೂನ್ 26ರಂದು ಬಂಧಿಸಿ ಇಲ್ಲಿಗೇ ತಂದರು. ಇದನ್ನು ಎಲ್ಲರೂ ಹೇಳುತ್ತಾರೆ. ನಟಿ ಸ್ನೇಹಲತಾ ರೆಡ್ಡಿ ಹೆಸರು ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಆಸ್ತಮಾ ಇದ್ದ ಆಕೆ ಇಲ್ಲಿ ತಿಂಗಳುಗಟ್ಟಲೆ ನರಳಿದರು. ಜೈಲಿನಲ್ಲೇ ಡೈರಿ ಬರೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 20ನೇ ತಾರೀಕು, ತೀರಿಕೊಂಡರು. ಮ್ಯೂಸಿಯಂಗೆ ಇದಕ್ಕಿಂತ ಗಟ್ಟಿಯಾದ ಕತೆ ಬೇಕಾ?

2000ರ ಹೊತ್ತಿಗೆ ಕೈದಿಗಳೆಲ್ಲ ಪರಪ್ಪನ ಅಗ್ರಹಾರಕ್ಕೆ ಹೋದರು. ಮೆಜೆಸ್ಟಿಕ್‌ಗೆ ಹತ್ತಿರದಲ್ಲೇ 20 ಎಕರೆಗೂ ಜಾಸ್ತಿ ಜಾಗ ಖಾಲಿಯಾಯಿತು. ಅಂಥ ಜಾಗ ಮಾಲ್ ಆಗದೆ ಉಳಿದದ್ದೇ ದೊಡ್ಡದು, ಅಲ್ವಾ? ವಿನ್ಯಾಸಕ್ಕೆ ಸ್ಪರ್ಧೆ ನಡೆಯಿತು. ಗೋಪುರ ಉಳಿಯಿತು, ಕೆಲವು ಬ್ಯಾರಕ್‌ಗಳೂ ಉಳಿದವು. 2008ರ ನವೆಂಬರ್‌ನಲ್ಲಿ ಪಾರ್ಕ್ ತೆರೆಯಿತು.

ಗಂಟು ಬಿದ್ದದ್ದು ಆಮೇಲೆ. ಮೆರವಣಿಗೆಗಳಿಂದ ಊರಿನ ರಸ್ತೆಗಳೇ ನಿಂತುಹೋಗುತ್ತವೆ ಎಂಬ ವಿಷಯವನ್ನು 2021ರಲ್ಲಿ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಪೊಲೀಸ್ ಆದೇಶವೂ ಬಂತು: ನಗರದಲ್ಲಿ ಪ್ರತಿಭಟನೆ ಇನ್ನು ಫ್ರೀಡಂ ಪಾರ್ಕ್‌ನಲ್ಲಿ ಮಾತ್ರ. ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್ ಎಲ್ಲದರ ಭಾರ ಒಂದೇ ಕಡೆ ಬಂದು ಬಿತ್ತು. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಬ್ಯಾಗು, ಹೊದಿಕೆ ಹಿಡಿದು ಬಂದು ರಾತ್ರಿ ಅಲ್ಲೇ ಮಲಗುತ್ತಾರೆ. ಅವರು ಬೇರೆಲ್ಲಿಗೆ ಹೋಗಬೇಕು? ಜನರನ್ನು ಕೂಡಿಹಾಕಿದ್ದ ಗೋಡೆಯೊಳಗೆ ಜನ ಕೂಗಿ ಕೇಳುವುದು ತಪ್ಪೂ ಅಲ್ಲ. ಆದರೆ ಮೈಕು ಮೊಳಗುತ್ತಿರುವಾಗ ಪಕ್ಕದಲ್ಲಿ ನಾಟಕ ಆಡಲಾಗದು.

2024ರಲ್ಲಿ ಪಕ್ಕದಲ್ಲೇ ಬಹುಮಹಡಿ ಪಾರ್ಕಿಂಗ್ ಕಟ್ಟಡವೂ ಬಳಕೆಗೆ ತೆರೆಯಿತು. ಅಂದರೆ ಕಾಂಕ್ರೀಟ್ ಕೆಲಸಕ್ಕೆ ದುಡ್ಡು ಹೇಗೋ ಹೊಂದುತ್ತದೆ. ಮ್ಯೂಸಿಯಂಗೆ ಬೇಕಾದದ್ದು ಕಾಗದಪತ್ರ ಹುಡುಕಿ ಜೋಡಿಸುವ ಜನ. ರಂಗಮಂದಿರಕ್ಕೆ ಬೇಕಾದದ್ದು ವರ್ಷಪೂರ್ತಿ ಕಾರ್ಯಕ್ರಮದ ಪಟ್ಟಿ, ಧರಣಿಯ ದಿನಗಳಿಗೆ ಡಿಕ್ಕಿ ಹೊಡೆಯದ ಸಮಯ. ಇದಕ್ಕೆ ಹೊಸದಾಗಿ ಗೋಡೆ ಕಟ್ಟಬೇಕಿಲ್ಲ, ಸಂಬಳ ಕೊಡಬೇಕು.