‘ಫ್ರಮ್’, ‘ಫಾರ್ಮ್’: ಅಕ್ಷರ ಅವೇ, ಯಾವುದನ್ನು ಬರೆದರೂ ನಡೆಯುತ್ತದೆಯೇ?

ಪ್ರಶ್ನೆ: ‘ಫ್ರಮ್’, ‘ಫಾರ್ಮ್’ ಎರಡರಲ್ಲೂ ಇರುವುದು ಎಫ್, ಆರ್, ಓ, ಎಂ. ಬರೆಯುವಾಗ ಅದಲುಬದಲಾಗುತ್ತದೆ. ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ಸಾಕು, ಮಿದುಳು ಓದಿಕೊಳ್ಳುತ್ತದೆ ಅನ್ನುತ್ತಾರಲ್ಲ?

ಉತ್ತರ: ನಡೆಯುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ, ಹಾಗಾಗಿ ಈ ಸಲ ಬುಡದಿಂದಲೇ ನೋಡೋಣ. ಎಫ್ ಆದ ಕೂಡಲೇ ಆರ್ ಬಂದರೆ ‘ಫ್ರಮ್’, ಅಂದರೆ ನಮ್ಮ ‘ಇಂದ’. ಓ ಮೊದಲು ಬಂದರೆ ‘ಫಾರ್ಮ್’, ಅಂದರೆ ರೂಪ, ಇಲ್ಲವೇ ಭರ್ತಿ ಮಾಡುವ ನಮೂನೆ. ಒಂದು ಹಳೆಯ ಇಂಗ್ಲಿಷಿನದೇ ಪದ, ಇನ್ನೊಂದು ಲ್ಯಾಟಿನ್‌ನ ‘ಫೋರ್ಮಾ’ದಿಂದ ಬಂದದ್ದು. ನೆಂಟಸ್ತಿಕೆಯೇ ಇಲ್ಲ.

ಇನ್ನು ಮಿದುಳಿನ ಮಾತು. ಅಕ್ಷರಗಳನ್ನು ಕಲಸಿದ ಒಂದು ಪ್ಯಾರಾ ‘ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧನೆ’ ಎಂಬ ಹೆಸರು ಹೊತ್ತು 2003ರಲ್ಲಿ ಇಮೇಲ್‌ಗಳಲ್ಲಿ ಹರಡಿತು. ಅಂಥ ಸಂಶೋಧನೆ ಅಲ್ಲಿ ನಡೆದಿರಲಿಲ್ಲ. ಓದುವಿಕೆಯನ್ನು ಅಧ್ಯಯನ ಮಾಡುವ ಮ್ಯಾಟ್ ಡೇವಿಸ್ ಕೇಂಬ್ರಿಡ್ಜ್‌ನಿಂದಲೇ ಇದನ್ನು ಬಿಡಿಸಿ ಬರೆದರು. ಪದದೊಳಗೆ ಅಕ್ಷರ ಕಲಸುವ ವಿಷಯದ ಮೇಲೆ ಗ್ರಹಾಂ ರಾಲಿನ್ಸನ್ ಪಿಎಚ್‌ಡಿ ಮಾಡಿದ್ದು 1976ರಲ್ಲಿ, ಅದೂ ನಾಟಿಂಗ್‌ಹ್ಯಾಮ್‌ನಲ್ಲಿ.

ಹಾಗಾದರೆ ಆ ಪ್ಯಾರಾ ಸಲೀಸಾಗಿ ಓದಿಸಿಕೊಂಡದ್ದು ಹೇಗೆ? ಎರಡು, ಮೂರು ಅಕ್ಷರದ ಪದಗಳನ್ನು ಈ ನಿಯಮದಲ್ಲಿ ಕಲಸಲು ಬರುವುದೇ ಇಲ್ಲ, ಅವು ಹಾಗೇ ಉಳಿಯುತ್ತವೆ. ನಾಲ್ಕಕ್ಷರದ್ದರಲ್ಲಿ ನಡುವಿನ ಜೋಡಿಯಷ್ಟೇ ತಿರುಗುತ್ತದೆ. ವಾಕ್ಯಗಳೂ ಮುಂದಿನ ಪದ ಊಹಿಸಬಹುದಾದಷ್ಟು ಸರಳ. ಎಲ್ಲಕ್ಕಿಂತ ಮುಖ್ಯವಾಗಿ, ಕಲಸಿ ಬಂದದ್ದು ಅರ್ಥವಿಲ್ಲದ ಅಕ್ಷರಗುಚ್ಛ. ಕಣ್ಣಿಗೆ ಬೇರೆ ಪದ ಸಿಗದ ಕಾರಣ ಸರಿಯಾದದ್ದನ್ನೇ ಹಿಡಿಯುತ್ತದೆ. ಕಲಸಿದಾಗ ಇನ್ನೊಂದು ನಿಜವಾದ ಪದವೇ ಹುಟ್ಟಿದರೆ? ‘ಯುನೈಟೆಡ್’ ಅಂದರೆ ಒಂದಾದ. ಎನ್ ಮುಂದಿನ ಐ ಮತ್ತು ಟಿ ಸ್ಥಳ ಬದಲಿಸಿದರೆ ‘ಅನ್‌ಟೈಡ್’, ಗಂಟು ಬಿಚ್ಚಿದ. ಮೊದಲ ಅಕ್ಷರವೂ ಕೊನೆಯದೂ ಅವೇ, ಅರ್ಥ ಮಾತ್ರ ತಲೆಕೆಳಗು! ‘ಸೇಕ್ರೆಡ್’ ಪವಿತ್ರ, ‘ಸ್ಕೇರ್ಡ್’ ಹೆದರಿದ. ಇಲ್ಲಿ ಪದವನ್ನಷ್ಟೇ ನೋಡುವ ಸ್ಪೆಲ್ ಚೆಕ್ ಕೂಡ ಸುಮ್ಮನಿರುತ್ತದೆ, ಏಕೆಂದರೆ ಎರಡೂ ಅದರ ನಿಘಂಟಿನಲ್ಲಿವೆ. ಬರೆದು ಮುಗಿದ ಮೇಲೆ ‘ಫಾರ್ಮ್’ ಎಂದು ಹುಡುಕಿ, ಸಿಕ್ಕಿದ ಒಂದೊಂದನ್ನೂ ವಾಕ್ಯದೊಡನೆ ಓದಿ ನೋಡುವುದೇ ಒಳ್ಳೆಯ ದಾರಿ.

ತಪ್ಪದಿರಲು ನಮ್ಮ ಒತ್ತಕ್ಷರವೇ ಸಹಾಯಕ್ಕಿದೆ. ಪದವನ್ನು ಕನ್ನಡದಲ್ಲಿ ಬರೆದು ನೋಡಿ. ‘ಫ್ರ’ದಲ್ಲಿ ರ ಒತ್ತು ಇದೆ, ಆದ್ದರಿಂದ ಎಫ್‌ಗೆ ಅಂಟಿಕೊಂಡೇ ಆರ್. ‘ಬ್ರೆಡ್’ನಲ್ಲಿ ಬಿ ಪಕ್ಕ ಆರ್; ಗಡ್ಡವಾದ ‘ಬಿಯರ್ಡ್’ನಲ್ಲಿ ಆರ್ ಇರುವುದು ಡಿ ಪಕ್ಕ. ದಿನಚರಿ ‘ಡೈ-ಅರಿ’, ಹಾಗಾಗಿ ಐ ಮೊದಲು, ಎ ಆಮೇಲೆ. ಹಾಲಿನ ‘ಡೇರಿ’ಗೆ ಎ ಮೊದಲು. ಮೌನದ ‘ಕ್ವೈ-ಎಟ್’ ಎರಡು ತುಂಡು, ಕೊನೆಗೆ ಟಿ. ‘ಸಾಕಷ್ಟು, ಪೂರ್ತಿ’ ಎಂಬರ್ಥದ ‘ಕ್ವೈಟ್’ ಒಂದೇ ತುಂಡು, ಕೊನೆಯ ಇ ಉಚ್ಚಾರಕ್ಕೆ ಬರುವುದಿಲ್ಲ. ಈ ಜೋಡಿ ಮಾತ್ರ ನಿಜವಾಗಿ ದಾಯಾದಿಗಳು. ಎರಡೂ ಲ್ಯಾಟಿನ್‌ನ ‘ಕ್ವಿಯೇಟುಸ್’ನಿಂದ ಬಂದವು.

ಅಕ್ಷರವೂ ಅದೇ, ಸಾಲೂ ಅದೇ ಇದ್ದರೆ? ಇದನ್ನು ಯಾರೂ ಕೇಳುವುದಿಲ್ಲ, ಆದರೆ ಹೆಚ್ಚು ತೊಡಕಿರುವುದು ಇಲ್ಲೇ. ‘ಲೀಡ್’ ಎಂದರೆ ಮುನ್ನಡೆಸು. ಅದೇ ಕಾಗುಣಿತವನ್ನು ‘ಲೆಡ್’ ಎಂದು ಓದಿದರೆ ಸೀಸ. ಬೇರುಗಳೂ ಬೇರೆ. ಅರವತ್ತು ಸೆಕೆಂಡಿನ ‘ಮಿನಿಟ್’ ಮತ್ತು ಅತಿ ಸಣ್ಣದಾದ ‘ಮೈನ್ಯೂಟ್’ಗೆ ಬೇರು ಒಂದೇ, ಸಣ್ಣದು ಎಂಬರ್ಥದ ಲ್ಯಾಟಿನ್ ಪದ. ಇವುಗಳಲ್ಲಿ ಒತ್ತಕ್ಷರದ ಉಪಾಯ ನಡೆಯದು. ಪಕ್ಕದ ಪದ ನೋಡಿಯೇ ಉಚ್ಚಾರ ತೀರ್ಮಾನಿಸಬೇಕು.