ಹೆಚ್ಚು ವ್ಯಾಟ್‌ನ ಪವರ್ ಸಪ್ಲೈ ಹೆಚ್ಚು ಕರೆಂಟು ತಿನ್ನುತ್ತದೆಯೇ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಹಳೆಯದಾಗಿದ್ದು ಸದ್ದು ಜಾಸ್ತಿಯಾಗಿದೆ. 550 ವ್ಯಾಟ್‌ನದರ ಬದಲು 850 ವ್ಯಾಟ್‌ನದನ್ನು ಹಾಕಿಸಿದರೆ ವಿದ್ಯುತ್ ಹೆಚ್ಚು ಖರ್ಚಾಗುತ್ತದೆಯೇ? ಗೋಲ್ಡ್ ಮುದ್ರೆ ಇದ್ದರೆ ಸದ್ದೂ ಕಡಿಮೆ ಇರುತ್ತದೆಯೇ?

ಉತ್ತರ: 850 ಎಂಬುದು ಆ ಡಬ್ಬ ಸದಾ ಎಳೆದುಕೊಳ್ಳುವ ವಿದ್ಯುತ್ತಲ್ಲ, ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಮಿತಿ. ಕಂಪ್ಯೂಟರ್ 300 ವ್ಯಾಟ್ ಕೇಳಿದಾಗ ಎರಡೂ ಕೊಡುವುದು 300 ವ್ಯಾಟನ್ನೇ. ಅಷ್ಟನ್ನು ಕೊಡಲು ಪ್ಲಗ್ಗಿನಿಂದ ಎಷ್ಟು ಎಳೆದುಕೊಳ್ಳುತ್ತದೆ ಎಂಬುದನ್ನು ನಿರ್ಧರಿಸುವುದು ದಕ್ಷತೆ. ದಕ್ಷತೆ ಶೇ 90 ಇದ್ದರೆ 333 ವ್ಯಾಟ್, ಶೇ 82 ಇದ್ದರೆ 366 ವ್ಯಾಟ್ ಬೇಕಾಗುತ್ತದೆ. ಹೆಚ್ಚುವರಿಯಾಗಿ ಎಳೆದ 33 ಅಥವಾ 66 ವ್ಯಾಟ್ ಡಬ್ಬದೊಳಗೇ ಶಾಖವಾಗುತ್ತದೆ, ಆ ಶಾಖವನ್ನು ಹೊರಹಾಕಲು ಫ್ಯಾನ್ ತಿರುಗಬೇಕಾಗುತ್ತದೆ. ದಕ್ಷತೆಗೂ ಸದ್ದಿಗೂ ಇರುವ ನಂಟು ಇಷ್ಟೇ.

ಗೋಲ್ಡ್ ಎಂಬ ಮುದ್ರೆ, ಪವರ್ ಸಪ್ಲೈಗಳ ದಕ್ಷತೆಯನ್ನು ಪರೀಕ್ಷಿಸಿ ದರ್ಜೆ ಕೊಡುವ, 2004ರಲ್ಲಿ ಆರಂಭವಾದ 80 ಪ್ಲಸ್ ಯೋಜನೆಯದು. 115 ವೋಲ್ಟ್‌ನ ಪರೀಕ್ಷೆಯಲ್ಲಿ ಶೇ 20, 50 ಮತ್ತು 100ರ ಹೊರೆಗಳಲ್ಲಿ ಕ್ರಮವಾಗಿ ಶೇ 87, 90 ಮತ್ತು 87ರಷ್ಟು ದಕ್ಷತೆ ಇದ್ದರೆ ಗೋಲ್ಡ್ ಸಿಗುತ್ತದೆ. ತೊಡಕಿರುವುದು ಶೇ 20ಕ್ಕಿಂತ ಕೆಳಗೆ. ಬರೆಯುವಾಗ, ಓದುವಾಗ ಸಾಧಾರಣ ಡೆಸ್ಕ್‌ಟಾಪ್ ಬಳಸುವುದು ಸುಮಾರು 60 ವ್ಯಾಟ್ ಎಂದಿಟ್ಟುಕೊಂಡರೆ, 850ರಲ್ಲಿ ಅದು ಶೇ 7, 550ರಲ್ಲಿ ಶೇ 11. ಅಂದರೆ ದಿನದ ಹೆಚ್ಚು ಹೊತ್ತು ಕಂಪ್ಯೂಟರ್ ಇರುವ ಸ್ಥಿತಿಯ ಬಗ್ಗೆ ಗೋಲ್ಡ್ ಮುದ್ರೆ ಏನನ್ನೂ ಹೇಳುವುದಿಲ್ಲ. ಅದಕ್ಕಿಂತ ಮೇಲಿನ ಟೈಟಾನಿಯಂ ಮಟ್ಟದಲ್ಲಿ ಶೇ 10ರ ಹೊರೆಯನ್ನೂ ಪರೀಕ್ಷಿಸುತ್ತಾರೆ. ಆದರೆ ದಿನವಿಡೀ ಭಾರಿ ಕೆಲಸ ಮಾಡುವ ಯಂತ್ರವಲ್ಲದಿದ್ದರೆ ಅದಕ್ಕೆ ತೆರುವ ಹೆಚ್ಚಿನ ಹಣ ವಿದ್ಯುತ್ ಬಿಲ್ಲಿನಲ್ಲಿ ಮರಳಿ ಬರುವುದು ಕಷ್ಟ. 60 ವ್ಯಾಟ್‌ನ ಹೊರೆಯಲ್ಲಿ ದಕ್ಷತೆ ಶೇ 80ರಿಂದ 85ಕ್ಕೆ ಏರಿದರೆ ಉಳಿಯುವುದು ನಾಲ್ಕೂವರೆ ವ್ಯಾಟಿಗೂ ಕಡಿಮೆ, ದಿನಕ್ಕೆ ಎಂಟು ಗಂಟೆ ಬಳಸಿದರೂ ವರ್ಷಕ್ಕೆ ಸುಮಾರು 13 ಯೂನಿಟ್. ನಾನಾದರೆ ಗೋಲ್ಡ್‌ನಲ್ಲೇ ನಿಲ್ಲುತ್ತೇನೆ.

ಸದ್ದನ್ನು 80 ಪ್ಲಸ್ ಅಳೆಯುವುದೇ ಇಲ್ಲ. ಅದಕ್ಕೆ ಸೈಬೆನೆಟಿಕ್ಸ್ ಸಂಸ್ಥೆಯ ಲ್ಯಾಂಬ್ಡಾ ಶ್ರೇಣಿಯನ್ನು ನೋಡಬೇಕು. ಅಲ್ಲಿ ಸರಾಸರಿ 15 ಡೆಸಿಬೆಲ್‌ಗಿಂತ ಕಡಿಮೆ ಸದ್ದಿನವು ಎ++, 15ರಿಂದ 20ರ ನಡುವಿನವು ಎ+. ಇವೆರಡರಲ್ಲಿ ಯಾವುದಿದ್ದರೂ ಸಾಮಾನ್ಯ ಕೋಣೆಯಲ್ಲಿ ಅದರ ಸದ್ದು ಗಮನಕ್ಕೆ ಬರುವುದು ಅಪರೂಪ. ಹೊರೆ ಕಡಿಮೆ ಇರುವಾಗ ಫ್ಯಾನ್ ಪೂರ್ತಿ ನಿಲ್ಲುವ ಮಾದರಿಗಳೂ ಇವೆ. ಕೇಳುವುದಕ್ಕೆ ಆಕರ್ಷಕವೇ, ಆದರೆ ಫ್ಯಾನ್ ಪದೇ ಪದೇ ಶುರುವಾಗಿ ನಿಲ್ಲುವಂತಿದ್ದರೆ, ಒಂದೇ ಸಮನೆ ನಿಧಾನವಾಗಿ ತಿರುಗುವ ಫ್ಯಾನಿಗಿಂತ ಅದೇ ಹೆಚ್ಚು ಕಿರಿಕಿರಿ ಮಾಡುತ್ತದೆ.

ವ್ಯಾಟ್ ಆರಿಸುವಾಗ, ಕಂಪ್ಯೂಟರಿನ ಗರಿಷ್ಠ ಬಳಕೆಯ ಒಂದೂವರೆ ಪಟ್ಟಿನ ಆಸುಪಾಸು ಹಿಡಿದರೆ ಸಾಕು. ಆಗ ಭಾರಿ ಕೆಲಸದ ವೇಳೆಯಲ್ಲೂ ಫ್ಯಾನ್ ಅಬ್ಬರಿಸುವುದಿಲ್ಲ. ಕ್ಷಣಾರ್ಧದಲ್ಲಿ ತನ್ನ ಸಾಮಾನ್ಯ ಬಳಕೆಯನ್ನು ಮೀರಿ ಎಳೆಯುವ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಎಟಿಎಕ್ಸ್ 3.0 ಅಥವಾ ಅದಕ್ಕಿಂತ ಹೊಸ ಮಾನದಂಡದ್ದನ್ನು ಕೊಳ್ಳಿ. ಅಂಥ ಕಾರ್ಡ್ ಇಲ್ಲದೆ 300 ವ್ಯಾಟ್ ಮೀರದ ಯಂತ್ರಕ್ಕೆ 850ರ ಅಗತ್ಯವಿಲ್ಲ, 550 ಧಾರಾಳವಾಯಿತು.

ಹಣ ಕೊಡುವ ಮುನ್ನ ಸದ್ದು ನಿಜಕ್ಕೂ ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ಒಂದು ಹಾಳೆಯನ್ನು ಕೊಳವೆಯಂತೆ ಸುರುಳಿ ಸುತ್ತಿ, ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಪೆಟ್ಟಿಗೆಯ ಹಿಂಭಾಗದ ಒಂದೊಂದೇ ಜಾಲರಿಯ ಬಳಿ ತನ್ನಿ. ಗುಂಯ್‌ಗುಡುವ ಸದ್ದು ಫ್ಯಾನಿನದು. ಕೆಲಸ ಹೆಚ್ಚಿದಂತೆ ಏರುವ ಸಣ್ಣ ಕೀರಲು ದನಿ ಒಳಗಿನ ತಂತಿಸುರುಳಿಗಳದ್ದು, ಅದು ಎಷ್ಟೋ ಸಲ ಗ್ರಾಫಿಕ್ಸ್ ಕಾರ್ಡಿನಿಂದ ಬರುತ್ತದೆ. ಹಾಗಿದ್ದರೆ ಪವರ್ ಸಪ್ಲೈ ಬದಲಿಸಿದರೂ ಆ ದನಿ ಉಳಿದೇ ಇರಬಹುದು. ಜಾಲರಿಯಲ್ಲಿ ಧೂಳು ಕಟ್ಟಿದ್ದರೆ ಪ್ಲಗ್ ಕಿತ್ತು ಹೊರಗಿನಿಂದಲೇ ಬ್ರಷ್ಷಿನಿಂದ ತೆಗೆಯಿರಿ. ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.